ಬಂಡೆಯ ಗಿಡ, ಬಂಡೆಯ ಚಿಟ್ಟೆ: ಸೊನೋರನ್ ಬ್ಲೂ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಕಣಿವೆಗಳಲ್ಲಿ

ಸೊನೋರನ್ ಬ್ಲೂ ಒಂದು ಪುಟ್ಟ ಚಿಟ್ಟೆ. ರೆಕ್ಕೆ ಪೂರ್ತಿ ಬಿಚ್ಚಿದರೂ 2ರಿಂದ 2.5 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಕ್ಯಾಲಿಫೋರ್ನಿಯಾ ಮತ್ತು ಅದರ ಕೆಳಗಿರುವ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದರ ಕುಲದಲ್ಲಿ ಅದೊಂದೇ ಪ್ರಭೇದ. 1865ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಆಸ್ಟ್ರಿಯಾದ ಫೆಲ್ಡರ್ ತಂದೆ ಮಗ. ತಂದೆ ಕಾಯೆಟಾನ್ ಫೆಲ್ಡರ್ ಮುಂದೆ ವಿಯೆನ್ನಾದ ಮೇಯರ್ ಕೂಡ ಆದರು.

ನೀಲಿ ಚಿಟ್ಟೆಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಆಕಾಶನೀಲಿ ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ ಕಿತ್ತಳೆಗೆಂಪು ಮಚ್ಚೆ ಇಟ್ಟುಕೊಂಡು ಹಾರುವುದು ಇದೊಂದೇ. ಹಾರುವ ಕಾಲವೂ ಚಿಕ್ಕದು. ವರ್ಷಕ್ಕೆ ಒಂದೇ ಪೀಳಿಗೆ. ದಕ್ಷಿಣದ ಮರುಭೂಮಿ ಕಡೆ ಫೆಬ್ರವರಿಗೇ ಶುರು, ಉತ್ತರಕ್ಕೆ ಬಂದ ಹಾಗೆ ಮಾರ್ಚ್, ಏಪ್ರಿಲ್. ಬೇಸಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಅಮ್ಮ ಚಿತ್ರದುರ್ಗದಿಂದ ಬಂದು ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿದ್ದರು. ನಾನು ಆಫೀಸಿಗೆ ಹೋದರೆ ಇಡೀ ದಿನ ಒಬ್ಬರೇ. ಮಾರ್ಚ್ ಮೂರನೇ ವಾರ ರಜೆ ಹಾಕಿದೆ. ಗೋಲ್ಡನ್ ಗೇಟ್ ಸೇತುವೆ, ಲಾಸ್ ವೇಗಾಸ್ ಎಲ್ಲ ಹಿಂದಿನ ಸಲವೇ ತೋರಿಸಿ ಆಗಿತ್ತು. "ಈ ಸಲ ಒಂದು ಚಿಟ್ಟೆ ನೋಡೋಕೆ ಹೋಗೋಣಮ್ಮ, ಕಲ್ಲುಗುಡ್ಡದ ಊರುಗಳಿಗೆ" ಅಂದೆ. "ಕಲ್ಲುಗುಡ್ಡ ಅಂದ್ರೆ ನಮ್ಮೂರೇ ಆಯ್ತಲ್ಲ, ನಡಿ" ಅಂದು ಪುಳಿಯೋಗರೆ ಗೊಜ್ಜು ಕುದಿಸಲು ಹೊರಟರು.

ಗುರುವಾರ: ಡೆಲ್ ಪ್ವೆರ್ಟೊ ಕಣಿವೆ

ಈ ಚಿಟ್ಟೆಯನ್ನು ನೋಡಬೇಕು ಅನ್ನುವವರಿಗೆ ಅನುಭವಸ್ಥರು ಹೇಳುವುದು ಒಂದೇ ಮಾತು. ಚಿಟ್ಟೆ ಹುಡುಕಬೇಡಿ, ಡಡ್ಲಿಯಾ ಹುಡುಕಿ. ಡಡ್ಲಿಯಾ ಅಂದರೆ ದಪ್ಪ ಎಲೆಯ ಒಂದು ಗಿಡ. ಮಣ್ಣೇ ಇಲ್ಲದ ಬಂಡೆಯ ಸಂದಿನಲ್ಲಿ ಬೇರು ತೂರಿಸಿ ಬದುಕುತ್ತದೆ. ಎಲೆಗಳು ಸುತ್ತಲೂ ಪದರ ಪದರವಾಗಿ ಹೂವಿನಾಕಾರದಲ್ಲಿ ಕೂತಿರುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥ ವಿಲಿಯಂ ರಸೆಲ್ ಡಡ್ಲಿ ಅವರ ಹೆಸರನ್ನೇ ಗಿಡಕ್ಕೆ ಇಟ್ಟಿದ್ದಾರೆ. ಈ ಚಿಟ್ಟೆಯ ಮರಿಹುಳ ಈ ಗಿಡ ಬಿಟ್ಟು ಬೇರೇನೂ ತಿನ್ನುವುದಿಲ್ಲ.

ಹಾಗಾಗಿ ಮೊದಲು ಹೋದದ್ದು ಡಡ್ಲಿಯಾಗೆ ಹೆಸರಾದ ಡೆಲ್ ಪ್ವೆರ್ಟೊ ಕಣಿವೆಗೆ. ಪ್ಯಾಟರ್ಸನ್ ಊರಿನ ಪಶ್ಚಿಮಕ್ಕೆ ಬೆಟ್ಟದೊಳಗೆ ನುಗ್ಗುವ ಕಿರಿದಾದ ರಸ್ತೆ ಅದು. ಮಾರ್ಚ್‌ನಲ್ಲಿ ಈ ಬೆಟ್ಟಗಳು ಹಸಿರಾಗಿರುತ್ತವೆ. ಮೇ ತಿಂಗಳಲ್ಲಿ ಬಂದು ನೋಡಿದರೆ ಇದೇ ಜಾಗವಾ ಅನ್ನಿಸುತ್ತದೆ, ಅಷ್ಟು ಒಣಗಿ ಕಂದಾಗಿರುತ್ತದೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನಮ್ಮ ಲೆಕ್ಕ ಪೂರಾ ಉಲ್ಟಾ. ಅಮ್ಮನಿಗೆ ಇದು ಒಗ್ಗಲೇ ಇಲ್ಲ. "ಯುಗಾದಿ ಹೊತ್ತಿಗೆ ಹುಲ್ಲು ಹಸಿರಾಗಿದ್ಯಲ್ಲೇ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು.

ರಸ್ತೆಯ ಎರಡೂ ಬದಿ ಬೇಲಿ. ಒಳಗೆಲ್ಲ ಖಾಸಗಿ ಜಮೀನು, ದನ ಮೇಯುತ್ತಿರುತ್ತವೆ. ರಸ್ತೆ ಬದಿಯಲ್ಲೇ ನಿಂತು ನೋಡಬೇಕು. ಸುಮಾರು ದೂರ ಹೋದ ಮೇಲೆ ರಸ್ತೆಗೆ ತಾಗಿಕೊಂಡೇ ಒಂದು ಬಂಡೆಗೋಡೆ ಸಿಕ್ಕಿತು. ಉತ್ತರಕ್ಕೆ ಮುಖ ಮಾಡಿದ ಗೋಡೆ, ಹಾವಸೆ ಕಟ್ಟಿದ್ದು. ಅದರ ಬಿರುಕುಗಳಲ್ಲಿ ಸಾಲಾಗಿ ಡಡ್ಲಿಯಾ. ಬೂದುಹಸಿರು ಎಲೆ, ತುದಿಗೆ ಕೆಂಪು.

ಅಮ್ಮ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಕಾಡುಬಸಳೆ ಜಾತಿದು ಕಣೆ" ಅಂದರು.

ನೂರಕ್ಕೆ ನೂರು ನಿಜ! ನಾವು ಕಿಡ್ನಿಕಲ್ಲಿಗೆ ಒಳ್ಳೆಯದು ಅಂತ ಕುಂಡದಲ್ಲಿ ಬೆಳೆಸುವ ಕಾಡುಬಸಳೆ, ಈ ಡಡ್ಲಿಯಾ, ಎರಡೂ ಒಂದೇ ಸಸ್ಯ ಕುಟುಂಬ. ಈ ಕುಟುಂಬದ ಗಿಡಗಳಿಗೆ ಒಂದು ವಿಶೇಷ ಗುಣ ಇದೆ. ಹಗಲು ಎಲೆಯ ಉಸಿರುರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ರಾತ್ರಿ ತಂಪಾದ ಮೇಲೆ ತೆರೆದು ಗಾಳಿ ಒಳಗೆ ಎಳೆದುಕೊಂಡು, ಅದನ್ನು ಆಮ್ಲವಾಗಿ ಕೂಡಿಟ್ಟು, ಮರುದಿನ ಬಿಸಿಲಲ್ಲಿ ಬಾಗಿಲು ಮುಚ್ಚಿಕೊಂಡೇ ಅಡುಗೆ ಮಾಡುತ್ತವೆ. ನೀರು ಆವಿಯಾಗಿ ಹೋಗುವುದು ತಪ್ಪುತ್ತದೆ. ಬೆಳಗ್ಗೆ ಕಿತ್ತ ಕಾಡುಬಸಳೆ ಎಲೆ ಹುಳಿ, ಸಂಜೆ ಕಿತ್ತದ್ದು ಸಪ್ಪೆ ಅನ್ನುವುದು ಅಮ್ಮನಿಗೆ ಬಾಯಿ ಅನುಭವದಿಂದಲೇ ಗೊತ್ತಿತ್ತು. ಕಾರಣ ಇದು ಅಂದಾಗ ಬಹಳ ಖುಷಿಪಟ್ಟರು.

ಆಮೇಲೆ ಸಹಜವಾಗಿ ಬಂದ ಮಾತು. "ಒಂದು ಚೂರು ಮುರ್ಕೊಂಡು ಹೋಗೋಣ್ವಾ? ಕುಂಡಕ್ಕೆ ಹಾಕಿದ್ರೆ ಬರುತ್ತೆ."

ಬೇಡಮ್ಮ ಅಂದೆ. ಕಾರಣ ಹೇಳಿದೆ. ಕೆಲವು ವರ್ಷಗಳ ಹಿಂದೆ ಏಷ್ಯಾದ ಕಡೆ ಈ ಗಿಡಗಳನ್ನು ಮನೆಯಲ್ಲಿಡುವುದು ದೊಡ್ಡ ಶೋಕಿಯಾಯಿತು. ಕುಂಡದಲ್ಲಿ ಬೆಳೆಸಿದ್ದಕ್ಕಿಂತ ಬಂಡೆ ಮೇಲೆ ವಯಸ್ಸಾದ ಗಿಡಕ್ಕೆ ಬೆಲೆ ಜಾಸ್ತಿ. ಕಳ್ಳರು ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ಬಂಡೆಗಳಿಂದ ಸಾವಿರಗಟ್ಟಲೆ ಕಿತ್ತು ಸಾಗಿಸಿದರು. ಮೆಂಡೊಸಿನೊ ಅನ್ನುವ ಪುಟ್ಟ ಊರಿನ ಅಂಚೆ ಕಚೇರಿಯಲ್ಲಿ ಒಬ್ಬ ಮೂಟೆಗಟ್ಟಲೆ ಪಾರ್ಸೆಲ್ ಕಳಿಸುವುದನ್ನು ಕಂಡು ಸರತಿಯಲ್ಲಿದ್ದವರು ದೂರು ಕೊಟ್ಟ ಮೇಲೆ ಇದು ಬೆಳಕಿಗೆ ಬಂತು. 2021ರಲ್ಲಿ ಇದಕ್ಕೆಂದೇ ರಾಜ್ಯ ಕಾಯ್ದೆ ಮಾಡಿತು. ದಂಡ 5,000 ಡಾಲರ್‌ನಿಂದ ಶುರು, ಜೈಲೂ ಆಗಬಹುದು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಗಿಡದ ಮೇಲೆ ಅವರಿಗೆ ಗೌರವ ಹೆಚ್ಚಿದ್ದು ಮುಖದಲ್ಲೇ ಕಾಣುತ್ತಿತ್ತು.

ಬಂಡೆ ಮುಂದೆ ಮಧ್ಯಾಹ್ನದವರೆಗೂ ಕೂತಿದ್ದೆವು. ಗಾಳಿ ಮಾತ್ರ ಒಂದೇ ಸಮ ಬೀಸುತ್ತಿತ್ತು. ಕಾಡು ಲ್ಯುಪಿನ್ ಹೂಗಳ ಮೇಲೆ ಒಂದೆರಡು ನೀಲಿ ಚಿಟ್ಟೆ ಬಂದವು. ಬೆಳ್ಳಿ ಹೊಳಪಿನ ನೀಲಿ, ಕಿತ್ತಳೆ ಮಚ್ಚೆ ಇಲ್ಲ. ಅವು ಸಿಲ್ವರಿ ಬ್ಲೂ. ಚೆಂದವೇ, ಆದರೆ ಅವುಗಳ ಗಿಡ ಬೇರೆ, ಬದುಕು ಬೇರೆ.

ಈ ಕಣಿವೆಯ ಬಗ್ಗೆ ಇನ್ನೆರಡು ಮಾತು. 1936ರಲ್ಲಿ ಆಲನ್ ಬೆನಿಸನ್ ಎಂಬ ಹೈಸ್ಕೂಲ್ ಹುಡುಗ ಈ ಸುತ್ತಿನ ಬೆಟ್ಟದಲ್ಲಿ ಕ್ಯಾಲಿಫೋರ್ನಿಯಾದ ಮೊಟ್ಟಮೊದಲ ಡೈನೋಸಾರ್ ಪಳೆಯುಳಿಕೆ ಹುಡುಕಿದ್ದ. ಈಗ ಕಣಿವೆಯ ಬಾಯಿಯಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸುವ ಯೋಜನೆ ಇದೆ. ಕೆಳಗಿನ ಬಯಲಿನ ರೈತರಿಗೆ ನೀರು ಬೇಕು, ಅದು ನಿಜ. ಕಣಿವೆಯ ಕೆಳಭಾಗ ಮುಳುಗುತ್ತದೆ, ಅದೂ ನಿಜ. ನೀರಿನ ಕಷ್ಟ ಉಂಡು ಬೆಳೆದ ನಮಗೆ ಇಂಥ ಕಡೆ ನಿಂತು ಸುಲಭಕ್ಕೆ ಒಂದು ಪಕ್ಷ ಹಿಡಿಯಲು ಆಗುವುದಿಲ್ಲ. ಮರುದಿನದ ಮರುದಿನ ಈ ಮಾತು ಇನ್ನೂ ಗಟ್ಟಿಯಾಗಿ ಎದುರಾಯಿತು.

ಶುಕ್ರವಾರ: ಹೆದ್ದಾರಿ

ಹೇಳುವಂಥದ್ದು ಕಡಿಮೆ. ಐ-5 ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ಗಂಟೆಗಟ್ಟಲೆ ಬಾದಾಮಿ ತೋಟ, ಪಿಸ್ತಾ ತೋಟ, ನಡುವೆ ಕಾಲುವೆ. ಆಮೇಲೆ ಟೆಹೋನ್ ಘಾಟಿ ಹತ್ತಿ ಲಾಸ್ ಏಂಜಲೀಸ್ ಕಡೆ ಇಳಿದೆವು. ಮಧ್ಯಾಹ್ನ ಒಂದು ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ, ಮೊಸರನ್ನ. ರಾತ್ರಿ ಅಝೂಸಾ ಹತ್ತಿರ ಮೋಟೆಲ್‌ನಲ್ಲಿ ತಂಗಿದೆವು.

ಶನಿವಾರ: ಸ್ಯಾನ್ ಗೇಬ್ರಿಯಲ್ ನದಿ

ಬೆಳಗ್ಗೆ ಎದ್ದರೆ ಮೋಡ. ಸಮುದ್ರದ ಕಡೆಯಿಂದ ಬಂದ ತೆಳು ಮೋಡ ಬೆಟ್ಟದ ಬುಡದವರೆಗೂ ಹಾಸಿತ್ತು. ಬಿಸಿಲಿಲ್ಲದೆ ಈ ಚಿಟ್ಟೆ ಏಳುವುದಿಲ್ಲ. ಆದರೆ ಅಝೂಸಾಗೆ ಬಂದದ್ದು ಇಲ್ಲದ ಚಿಟ್ಟೆಯ ಜಾಗ ನೋಡಲಿಕ್ಕೆ. ಅದಕ್ಕೆ ಬಿಸಿಲು ಬೇಕಿರಲಿಲ್ಲ.

ಸ್ಯಾನ್ ಗೇಬ್ರಿಯಲ್ ನದಿ ಬೆಟ್ಟದಿಂದ ಹೊರಬಿದ್ದು ಬಯಲಿಗೆ ಹರಡುವ ಜಾಗ ಇದು. ಸಾವಿರಾರು ವರ್ಷ ಬೆಟ್ಟದ ಕಲ್ಲು, ಜಲ್ಲಿ, ಮರಳನ್ನು ತಂದು ಸುರಿದು ಅಗಲವಾದ ನದಿಪಾತ್ರ ಆಗಿದೆ. ಬಹುಪಾಲು ದಿನ ಒಣಗಿರುತ್ತದೆ. ಮಳೆ ಬಂದರೆ ಹುಚ್ಚೆದ್ದು ಹರಿಯುತ್ತದೆ. 1938ರ ಮಾರ್ಚ್‌ನಲ್ಲಿ ಬಂದ ಪ್ರವಾಹವನ್ನು ಲಾಸ್ ಏಂಜಲೀಸ್ ಸೀಮೆಯವರು ಇನ್ನೂ ಮರೆತಿಲ್ಲ. ಈ ಬಂಡೆಕಲ್ಲುಗಳ ನಡುವೆ ಒಂದು ಜಾತಿಯ ಡಡ್ಲಿಯಾ ಇತ್ತು. ಅದನ್ನು ನಂಬಿಕೊಂಡು ಸೊನೋರನ್ ಬ್ಲೂ ಇತ್ತು. ಬೆಟ್ಟದ ಗೋಡೆಗಳಲ್ಲಿರುವ ಚಿಟ್ಟೆಗಳಿಗಿಂತ ಸ್ವಲ್ಪ ಬೇರೆಯದೇ ಆದ ಉಪಪ್ರಭೇದ.

1960ರ ದಶಕದ ಕೊನೆಗೆ ಅದು ಹೋಯಿತು. ನದಿಪಾತ್ರದಲ್ಲಿ ನೀರು ಇಂಗಿಸುವ ಕೊಳಗಳನ್ನು ತೋಡಿದಾಗ ಉಳಿದಿದ್ದ ಗಿಡಗಳ ಜೊತೆ ಚಿಟ್ಟೆಯೂ ಮುಗಿಯಿತು. ಆಗ ಅದು ಬೇರೆ ಉಪಪ್ರಭೇದ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಎರಡು ದಶಕ ಕಳೆದ ಮೇಲೆ ರೂಡಿ ಮಟೋನಿ ಎಂಬ ಚಿಟ್ಟೆ ವಿಜ್ಞಾನಿ ಸಂಗ್ರಹಗಳಲ್ಲಿ ಪಿನ್ ಚುಚ್ಚಿಟ್ಟಿದ್ದ ಹಳೆಯ ಮಾದರಿಗಳನ್ನು ಹೋಲಿಸಿ ನೋಡಿ, ಇದು ಬೇರೆ ಅಂತ ಹೇಳಿ, ಹೆಸರು ಕೊಟ್ಟರು. ಕೊಟ್ಟ ಹೆಸರು 'ಎಕ್ಸ್‌ಟಿಂಕ್ಟಿಸ್', ಅಂದರೆ ಅಳಿದುಹೋದದ್ದು. ನಾಮಕರಣ ಆಗುವ ಹೊತ್ತಿಗೆ ಒಂದೂ ಬದುಕಿರಲಿಲ್ಲ.

ಇದೇ ಮಟೋನಿಯವರಿಗೆ ಇನ್ನೊಂದು ಕಡೆ ಅದೃಷ್ಟ ಕೈಹಿಡಿಯಿತು. 1983ರ ನಂತರ ಯಾರ ಕಣ್ಣಿಗೂ ಬೀಳದೆ, ಅಳಿದೇ ಹೋಯಿತು ಅಂದುಕೊಂಡಿದ್ದ ಪ್ಯಾಲೋಸ್ ವರ್ಡೆಸ್ ಬ್ಲೂ ಎಂಬ ಚಿಟ್ಟೆ 1994ರಲ್ಲಿ ಅವರಿಗೆ ಮತ್ತೆ ಸಿಕ್ಕಿತು. ಅದೂ ಸ್ಯಾನ್ ಪೆಡ್ರೋದಲ್ಲಿ, ಮಿಲಿಟರಿಯವರು ಇಂಧನ ದಾಸ್ತಾನು ಮಾಡುವ ಆವರಣದೊಳಗೆ. ಒಂದೇ ಮನುಷ್ಯ, ಒಂದೇ ಸೀಮೆ, ಎರಡು ನೀಲಿ ಚಿಟ್ಟೆ. ಒಂದು ಸಿಕ್ಕಿತು, ಒಂದು ಸಿಗಲಿಲ್ಲ.

ನದಿ ದಂಡೆಯ ಸೈಕಲ್ ದಾರಿಯಲ್ಲಿ ಅಮ್ಮನೂ ನಾನೂ ನಡೆದೆವು. ಒಂದು ಪಕ್ಕ ಆಳವಾದ ಜಲ್ಲಿ ಕ್ವಾರಿಗಳು. ಲಾಸ್ ಏಂಜಲೀಸ್‌ನ ರಸ್ತೆಗಳು, ಕಟ್ಟಡಗಳು ಬಹಳಷ್ಟು ಇಲ್ಲಿನ ಜಲ್ಲಿಯಿಂದಲೇ ಎದ್ದಿವೆ. ಇನ್ನೊಂದು ಪಕ್ಕ ಬೇಲಿಯ ಆಚೆ ಚೌಕಾಕಾರದ ಕೊಳ, ಬಾತುಕೋಳಿ ಈಜುತ್ತಿದ್ದವು. ನಾನು ಇಡೀ ಕಥೆ ಹೇಳಿ ಮುಗಿಸಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ ಇದು ಇಂಗುಗುಂಡಿ ಅಲ್ವಾ?"

"ಹೂಂ ಅಮ್ಮ, ದೊಡ್ಡದು."

"ಇಂಗುಗುಂಡಿ ಮಾಡೋದು ಒಳ್ಳೆ ಕೆಲಸ ಅಲ್ವೇನೆ?"

ಒಳ್ಳೆ ಕೆಲಸವೇ. ಈ ಬಯಲಿನಲ್ಲಿ ಲಕ್ಷಾಂತರ ಜನ ಕುಡಿಯುವುದು ಹೀಗೆ ಇಂಗಿದ ನೀರನ್ನೇ. ನಮ್ಮೂರಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದು ನಿಂತವರು ಇಂಗುಗುಂಡಿಯನ್ನು ಬೈಯಲು ಸಾಧ್ಯವೇ ಇಲ್ಲ. ನನ್ನ ಸಂಕಟ ಅದಲ್ಲ. ಕೊಳವನ್ನು ಸ್ವಲ್ಪ ಅತ್ತಿತ್ತ ಸರಿಸಿ ಒಂದಿಷ್ಟು ಬಂಡೆ ಹಾಗೇ ಬಿಟ್ಟಿದ್ದರೂ ಸಾಕಿತ್ತೇನೋ. ಈ ಚಿಟ್ಟೆ ದೊಡ್ಡ ಕಾಡು ಕೇಳುವುದಿಲ್ಲ. ಒಂದು ಬಂಡೆಸಾಲು, ಅದರಲ್ಲಿ ಗಿಡ, ಅಷ್ಟೇ. ಹಾಗೆ ಬಿಡಬೇಕಾದರೆ ಅಲ್ಲಿ ಏನಿದೆ ಅಂತ ಗುಂಡಿ ತೋಡುವ ಮೊದಲೇ ಯಾರಾದರೂ ನೋಡಿರಬೇಕಿತ್ತು. ನಮ್ಮೂರ ಪಕ್ಕದ ಜೋಗಿಮಟ್ಟಿ ಕಡೆಯ ಕುರುಚಲು ಗುಡ್ಡಗಳನ್ನು 'ಏನೂ ಇಲ್ಲದ ಬರಡು ಜಾಗ' ಅಂತ ಜನ ಅನ್ನುವಾಗಲೂ ನನಗೆ ಇದೇ ಭಯ. ಒಣ ಇಳಿಜಾರಿನಲ್ಲಿ ಏನೂ ಇಲ್ಲ ಅನ್ನುವುದು ನೋಡದೆ ಹೇಳುವ ಮಾತು.

ಮಧ್ಯಾಹ್ನ ಮೋಡ ಸ್ವಲ್ಪ ಹರಿಯಿತು. 39ನೇ ಹೆದ್ದಾರಿ ಹಿಡಿದು ಕಣಿವೆಯೊಳಗೆ ಮೇಲೇರಿದೆವು. 1930ರ ದಶಕದಲ್ಲಿ ಕಟ್ಟಿದ ಎರಡು ಅಣೆಕಟ್ಟು ಒಂದರ ಹಿಂದೆ ಒಂದು ಬರುತ್ತವೆ. 2020ರ ಬಾಬ್‌ಕ್ಯಾಟ್ ಎಂಬ ಕಾಡ್ಗಿಚ್ಚು ಈ ಬೆಟ್ಟಗಳಲ್ಲಿ ಲಕ್ಷ ಎಕರೆಗೂ ಹೆಚ್ಚು ಸುಟ್ಟಿತ್ತು. ಕರಕಲು ಕೊಂಬೆಗಳು ಇನ್ನೂ ನಿಂತಿದ್ದವು, ಬುಡದಲ್ಲಿ ಹೊಸ ಚಿಗುರು. ರಸ್ತೆಗೆಂದು ಕಡಿದ ಕಡಿದಾದ ಬಂಡೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ, ಡಡ್ಲಿಯಾಗಳು ನೇತುಬಿದ್ದಿದ್ದವು. ಬೆಂಕಿ ಹಿಡಿಯಲು ಸುತ್ತ ಹುಲ್ಲೇ ಇಲ್ಲದ ಜಾಗ ಅದು. ಕೆಳಗೆ ನದಿಪಾತ್ರದಲ್ಲಿ ಮುಗಿದುಹೋದ ಚಿಟ್ಟೆಯ ಬಳಗ ಇಂಥ ಗೋಡೆಗಳಲ್ಲಿ ಉಳಿದಿದೆ. ಆದರೆ ಅಂದು ಬಿಸಿಲು ಸಾಲಲಿಲ್ಲ. ಒಂದೂ ಹಾರಲಿಲ್ಲ.

ಭಾನುವಾರ: ಸೆಂಟೆನಾಕ್ ಕಣಿವೆ

ಮುಂಜಾನೆಯೇ ಹೊರಟು ದಕ್ಷಿಣಕ್ಕೆ. ಜೂಲಿಯನ್ ಊರು ತಲುಪುವ ಹೊತ್ತಿಗೆ ಆಕಾಶ ತಿಳಿಯಾಗಿತ್ತು. ಚಿನ್ನ ಸಿಕ್ಕಿದ ಕಾಲದಲ್ಲಿ ಹುಟ್ಟಿದ ಬೆಟ್ಟದೂರು. ಈಗ ಸೇಬಿನ ಪೈಗೆ ಹೆಸರುವಾಸಿ. ಒಂದು ಕಟ್ಟಿಸಿಕೊಂಡೆವು. ಅಲ್ಲಿಂದ 78ನೇ ಹೆದ್ದಾರಿ ತಿರುವು ತಿರುವಾಗಿ ಮರುಭೂಮಿಗೆ ಇಳಿಯುತ್ತದೆ. ಮೇಲೆ ಓಕ್, ಪೈನ್ ಮರ. ಅರ್ಧ ಗಂಟೆಯಲ್ಲಿ ಕಳ್ಳಿ, ಒಕೊಟಿಯೋ. ಒಕೊಟಿಯೋ ಅಂದರೆ ನೆಲದಿಂದ ಮುಳ್ಳಿನ ಕೋಲುಗಳು ಎದ್ದು ನಿಂತಂತಿರುವ ಗಿಡ. ಪ್ರತಿ ಕೋಲಿನ ತುದಿಯಲ್ಲೂ ಕೆಂಪು ಹೂಗೊಂಚಲು ಬಿಟ್ಟಿತ್ತು.

ಇದು ಆನ್ಜಾ-ಬೊರೆಗೊ ಮರುಭೂಮಿ ಪಾರ್ಕ್. 6 ಲಕ್ಷ ಎಕರೆಗೂ ಜಾಸ್ತಿ, ಕ್ಯಾಲಿಫೋರ್ನಿಯಾದ ರಾಜ್ಯ ಪಾರ್ಕ್‌ಗಳಲ್ಲೇ ಅತಿ ದೊಡ್ಡದು. ಸೆಂಟೆನಾಕ್ ಕಣಿವೆ ಅದರ ಪಶ್ಚಿಮ ಅಂಚಿನಲ್ಲಿದೆ. ಸ್ಯಾನ್ ಫೆಲಿಪೆ ಹಳ್ಳ ಬೆಟ್ಟ ಕೊರೆದು ಮಾಡಿದ ಇಕ್ಕಟ್ಟಾದ ದಾರಿ. ಅದೇ ದಾರಿಯಲ್ಲಿ ಹೆದ್ದಾರಿಯೂ ತೂರಿಕೊಂಡಿದೆ. ರಸ್ತೆ ಪಕ್ಕ ಜಾಗ ಕಡಿಮೆ, ವಾಹನಗಳು ಜೋರಾಗಿ ಬರುತ್ತವೆ. ಅಗಲವಾದ ಒಂದು ಕಡೆ ಕಾರು ನಿಲ್ಲಿಸಿ, ಹಳ್ಳದ ಪಕ್ಕದ ಒಂದು ಸಣ್ಣ ಕೊರಕಲಿಗೆ ಇಳಿದೆವು.

ಹತ್ತೂವರೆ ಗಂಟೆ. ಬಿಸಿಲು ಬಂಡೆಯ ಅರ್ಧಕ್ಕೆ ಬಂದಿತ್ತು. ನೆರಳಿನಲ್ಲಿ ಚಳಿ, ಬಿಸಿಲಿನಲ್ಲಿ ಬೆವರು. ಉತ್ತರದ ಕಡೆ ತಿರುಗಿದ ಬಂಡೆಗಳ ಬಿರುಕಿನಲ್ಲಿ ಡಡ್ಲಿಯಾ ಇತ್ತು. ಇಲ್ಲಿಯದರ ಎಲೆ ಕಡ್ಡಿಯಂತೆ ಸಣ್ಣ, ಉದ್ದ. ಅಮ್ಮ ಒಂದು ಚಪ್ಪಟೆ ಕಲ್ಲು ನೋಡಿ ಕೂತರು. ಕೂರುವ ಮೊದಲು ಕೋಲಿನಿಂದ ಕಲ್ಲಿನ ಸುತ್ತ ತಟ್ಟಿದರು. ಹಾವಿಗೆ. ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ಬುಡುಬುಡಿಕೆ ಹಾವುಗಳು ಹೊರಬರುವ ಕಾಲವೂ ಅದೇ.

ಮೊದಲು ನೋಡಿದ್ದು ಅಮ್ಮನೇ. "ಅಲ್ನೋಡೇ, ನಿನ್ ಕಾಲ ಹತ್ರ" ಅಂದರು, ಪಿಸುಮಾತಲ್ಲಿ.

ಒದ್ದೆ ಮರಳಿನ ಮೇಲೆ ಕೂತಿತ್ತು. ರೆಕ್ಕೆ ಮುಚ್ಚಿತ್ತು. ಮುಚ್ಚಿದಾಗ ಅದು ಏನೂ ಅಲ್ಲ. ಹಿಂಬದಿ ರೆಕ್ಕೆಯ ಅಡಿಭಾಗ ಬೂದು, ಅದರ ಮೇಲೆ ಕಂದು ಗೀಚುಗಳು, ಸುತ್ತಲಿನ ಕಲ್ಲಿನ ಬಣ್ಣವೇ. ನಾನು ನಿಧಾನಕ್ಕೆ ಮಂಡಿಯೂರಿ, ಆಮೇಲೆ ಮೊಣಕೈ ಊರಿ, ಕೊನೆಗೆ ಹೊಟ್ಟೆ ಮೇಲೆ ಮಲಗಿದೆ. ಒಂದು ಗೇಣು ದೂರ. ಮೀಸೆಗಳಲ್ಲಿ ಕಪ್ಪು ಬಿಳಿ ಉಂಗುರಗಳು ಎಣಿಸುವಷ್ಟು ಸ್ಪಷ್ಟ. ಕೂದಲಿನಂಥ ಹೀರುಕೊಳವೆ ಮರಳಿನ ಮೇಲೆ ಅತ್ತಿತ್ತ ತಡಕುತ್ತಿತ್ತು. ಗಂಡು ಚಿಟ್ಟೆಗಳು ಹೀಗೆ ಒದ್ದೆ ಮಣ್ಣಿನಿಂದ ಉಪ್ಪಿನಂಶ ಹೀರುತ್ತವೆ.

ಬಿಸಿಲು ಸರಿದು ಅದರ ಮೇಲೆ ಬಿತ್ತು. ಆಗ ರೆಕ್ಕೆ ಬಿಚ್ಚಿತು.

ಫೋಟೋಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಫೋಟೋಗೆ ಆ ನೀಲಿ ಸಿಗುವುದಿಲ್ಲ. ತೆಳು ನೀಲಿ, ಒಳಗಿನಿಂದ ಬೆಳಕು ಬರುವಂಥದ್ದು. ಮುಂದಿನ ರೆಕ್ಕೆಯಲ್ಲಿ ಕಿತ್ತಳೆಗೆಂಪು ಮಚ್ಚೆ, ಅದರ ಸುತ್ತ ಕಪ್ಪು ಚುಕ್ಕಿ. ರೆಕ್ಕೆಯ ಅಂಚಿಗೆ ಕಪ್ಪು ಬಿಳಿ ಸಾಲು. ದೇಹದ ಮೇಲೆ ಬೂದುಬಿಳಿ ರೋಮ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೆಲ್ಲ. ಅಮ್ಮನಿಗೆ ದುರ್ಬೀನು ಕೊಟ್ಟೆ. ತುಂಬ ಹೊತ್ತು ಕೆಳಗಿಳಿಸಲೇ ಇಲ್ಲ.

ಅದು ಎದ್ದ ಮೇಲೆ ಹಾರುವ ರೀತಿ ಗೊತ್ತಾಯಿತು. ನೆಲದಿಂದ ಒಂದೆರಡು ಅಡಿ ಎತ್ತರ, ಬಂಡೆಯ ಬುಡ ಹಿಡಿದುಕೊಂಡೇ ಮೇಲೆ ಹೋಗುವುದು, ಅದೇ ದಾರಿಯಲ್ಲಿ ವಾಪಸ್ ಬರುವುದು. ಹೆಣ್ಣು ಹುಡುಕುವ ಗಸ್ತು ಅದು. ಡಡ್ಲಿಯಾ ಇರುವ ಬಂಡೆಗಳನ್ನು ಬಿಟ್ಟು ಆಚೆ ಹೋಗಲೇ ಇಲ್ಲ. ನೂರು ಅಡಿ ದೂರದಲ್ಲಿ ಬ್ರಿಟಲ್‌ಬುಷ್ ಎಂಬ ಪೊದೆ ಗುಡ್ಡವೆಲ್ಲ ಹಳದಿ ಹೂವಾಗಿ ನಿಂತಿತ್ತು. ಬೇರೆ ಚಿಟ್ಟೆಗಳು ಅಲ್ಲಿ ಮುತ್ತಿದ್ದವು. ಇದು ಅತ್ತ ತಿರುಗಿಯೂ ನೋಡಲಿಲ್ಲ. ಒಂದೇ ಚಿಟ್ಟೆ ಹೋಗಿ ಬರುತ್ತಿದೆಯಾ, ಬೇರೆ ಬೇರೆಯಾ ಅಂತ ಮೊದಲು ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಗಂಡು ಮುಖಾಮುಖಿಯಾಗಿ ಸುತ್ತುತ್ತಾ ಮೇಲಕ್ಕೆ ಏರಿದಾಗ ಗೊತ್ತಾಯಿತು.

ಸೇಬಿನ ಪೈ ಅಲ್ಲೇ ಕಲ್ಲಿನ ಮೇಲೆ ಕೂತು ತಿಂದೆವು. ಸ್ವಲ್ಪ ಸಿಹಿ ಕಡಿಮೆ ಅಂದರು ಅಮ್ಮ. ಇಲ್ಲಿಯ ಯಾವ ಸಿಹಿಗೂ ಅವರದು ಅದೇ ತೀರ್ಪು.

ಸೋಮವಾರ: ಮತ್ತೆ ಅದೇ ಕೊರಕಲು

ಬೊರೆಗೊ ಸ್ಪ್ರಿಂಗ್ಸ್‌ನಲ್ಲಿ ರಾತ್ರಿ ಕಳೆದೆವು. ಆಕಾಶದ ಕತ್ತಲು ಕಾಪಾಡಲು ಊರಿಗೆ ಊರೇ ದೀಪ ಕಡಿಮೆ ಮಾಡಿಕೊಂಡಿರುವ ಜಾಗ. ಅದರ ಬಗ್ಗೆ ಬರೆಯಲು ಬೇಕಾದಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ.

ಬೆಳಗ್ಗೆ ಮತ್ತೆ ಸೆಂಟೆನಾಕ್‌ಗೆ ಹೋಗಬೇಕು ಅಂದವರು ಅಮ್ಮ. "ಗಂಡು ನೋಡಿದ್ದಾಯ್ತು, ಹೆಣ್ಣು ಎಲ್ಲಿ?" ಎಂಬುದು ಅವರ ಪ್ರಶ್ನೆ.

ಹೆಣ್ಣಿನ ಹಿಂದಿನ ರೆಕ್ಕೆಯ ಮೇಲೂ ಕಿತ್ತಳೆ ಮಚ್ಚೆ ಇರುತ್ತದೆ, ಅಂಚಿನ ಕಪ್ಪೂ ಜಾಸ್ತಿ. ಹನ್ನೊಂದು ಗಂಟೆ ಸುಮಾರಿಗೆ ಒಂದು ಬಂತು. ಗಂಡಿನ ಹಾಗೆ ಗಸ್ತು ಇಲ್ಲ. ನೇರ ಒಂದು ಡಡ್ಲಿಯಾ ಮೇಲೆ ಇಳಿಯಿತು. ಎಲೆಯ ಮೇಲೆ ನಡೆಯಿತು, ಕಾಲಿನಿಂದ ತಟ್ಟಿತಟ್ಟಿ ನೋಡಿತು. ಬಿಟ್ಟು ಪಕ್ಕದ ಗಿಡಕ್ಕೆ ಹೋಯಿತು. ಅಲ್ಲಿ ಹೊಟ್ಟೆಯ ತುದಿ ಬಗ್ಗಿಸಿ ಒಂದು ಕ್ಷಣ ನಿಂತು, ಹಾರಿತು. ಅದು ಹೋದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಎಲೆಯ ಮೇಲೆ ಬಿಳಿಯ ಒಂದು ಚುಕ್ಕಿ. ಒಂದೇ ಮೊಟ್ಟೆ. ಹೀಗೆ ಬಿಡಿಬಿಡಿಯಾಗಿಯೇ ಇಡುತ್ತದೆ.

ಮೊಟ್ಟೆಯಿಂದ ಹೊರಬಂದ ಮರಿ ಎಲೆಯನ್ನು ಕೊರೆದು ಒಳಗೆ ಹೋಗುತ್ತದೆ. ಅಲ್ಲೇ ತಿರುಳು ತಿನ್ನುತ್ತಾ ಬೆಳೆಯುತ್ತದೆ. ದೊಡ್ಡದಾದ ಮೇಲೆ ಕೋಶ ಕಟ್ಟಿ, ಬೇಸಿಗೆ, ಚಳಿಗಾಲ ಎಲ್ಲ ಕಳೆದು ಮುಂದಿನ ವಸಂತಕ್ಕೆ ಚಿಟ್ಟೆಯಾಗಿ ಹೊರಬೀಳುತ್ತದೆ. ಅಂದರೆ ವರ್ಷದ ಹೆಚ್ಚಿನ ಭಾಗ ಆ ಗಿಡದ ಬುಡದಲ್ಲೇ ಕಣ್ಣಿಗೆ ಕಾಣದೆ ಇರುತ್ತದೆ. ಅಷ್ಟರಲ್ಲಿ ಯಾರಾದರೂ ಗಿಡ ಕಿತ್ತರೆ, ಬಂಡೆ ಸಿಡಿಸಿದರೆ ಅಲ್ಲಿ ಚಿಟ್ಟೆ ಇತ್ತು ಅನ್ನುವುದೂ ತಿಳಿಯುವುದಿಲ್ಲ.

ಅಮ್ಮ ಇನ್ನೊಂದು ಗಿಡದ ಮುಂದೆ ಬಗ್ಗಿ ನಿಂತಿದ್ದರು. "ಬಾ ಇಲ್ಲಿ. ಈ ಎಲೆಗೆ ಹುಳ ಹೊಕ್ಕಿದೆ."

ಎಲೆಯ ಒಂದು ಭಾಗ ಬಿಳಿಚಿ, ಒಳಗಿನ ತಿರುಳು ಹೋಗಿ, ಸಿಪ್ಪೆ ಮಾತ್ರ ಉಳಿದಿತ್ತು. ಬೆಳಕಿಗೆ ಪಾರದರ್ಶಕವಾಗಿ ಕಾಣುತ್ತಿತ್ತು. ಬುಡದ ಹತ್ತಿರ ಸೂಜಿಮೊನೆಯಷ್ಟು ತೂತು, ಅದರ ಬಾಯಲ್ಲಿ ಕಪ್ಪು ಹಿಕ್ಕೆಯ ಕಾಳುಗಳು. ಪುಸ್ತಕ ಓದಿಕೊಂಡು ಹೋದ ನನ್ನ ಕಣ್ಣಿಗೆ ಬೀಳುವ ಮೊದಲೇ ಅಮ್ಮನಿಗೆ ಬಿದ್ದಿತ್ತು. ಯಾಕೆಂದರೆ ಚಿತ್ರದುರ್ಗದ ಮನೆಯ ಹಿತ್ತಿಲಿನ ಕಾಡುಬಸಳೆಯಲ್ಲಿ ಅವರು ಇದನ್ನು ವರ್ಷಾನುಗಟ್ಟಲೆ ನೋಡಿದ್ದಾರೆ. ಅಲ್ಲಿ ಎಲೆಯೊಳಗಿರುವುದು ರೆಡ್ ಪಿಯರೋ ಚಿಟ್ಟೆಯ ಹುಳ. ಬೆಂಗಳೂರಿನ ಬಾಲ್ಕನಿಗಳಲ್ಲೂ ಕಾಣುವ, ಕಪ್ಪು ಬಿಳಿ ಕೆಂಪು ರೆಕ್ಕೆಯ ಚಿಟ್ಟೆ. ಅದೂ ಸೊನೋರನ್ ಬ್ಲೂ ಸೇರಿದ ಚಿಟ್ಟೆ ಕುಟುಂಬವೇ. ಅದರ ಹುಳವೂ ಇದೇ ಗಿಡಕುಟುಂಬದ ದಪ್ಪ ಎಲೆಯೊಳಗೆ ಹೊಕ್ಕು ಬದುಕುತ್ತದೆ. ಅರ್ಧ ಭೂಮಿ ಆಚೆ ಈಚೆ ಎರಡು ಚಿಟ್ಟೆಗಳು ಒಂದೇ ಉಪಾಯ ಕಂಡುಕೊಂಡಿವೆ. ದಪ್ಪ ಎಲೆಯೊಳಗೆ ಊಟವೂ ಇದೆ, ನೀರೂ ಇದೆ, ಬಿಸಿಲಿನಿಂದ ರಕ್ಷಣೆಯೂ ಇದೆ.

"ನಾನು ಆ ಹುಳ ಇದ್ದ ಎಲೆನೆಲ್ಲ ಕಿತ್ತು ಎಸೀತಿದ್ದೆ" ಅಂದರು ಅಮ್ಮ. ಇನ್ನು ಎಸೆಯಬೇಡಮ್ಮ, ಅರ್ಧ ಗಿಡ ನಿನಗೆ, ಅರ್ಧ ಅದಕ್ಕೆ ಅಂದೆ. ಒಪ್ಪಿದರು.

ಮಧ್ಯಾಹ್ನ ಊಟ ಮುಗಿಸಿ ವಾಪಸ್ ಹೊರಟೆವು.

ಹೋಗುವವರಿಗೆ ಒಂದಿಷ್ಟು ವಿಷಯ. ದಕ್ಷಿಣದ ಮರುಭೂಮಿ ಅಂಚಿಗಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳ್ಳೆಯದು, ಉತ್ತರದ ಕಣಿವೆಗಳಿಗೆ ಮಾರ್ಚ್ ಕೊನೆಯಿಂದ ಏಪ್ರಿಲ್. ಮೋಡ, ಗಾಳಿ ಇದ್ದ ದಿನ ಬೇಡ. ಬೆಳಗ್ಗೆ ಹತ್ತರ ನಂತರ ಹೋಗಿ. ಉತ್ತರಕ್ಕೆ ಮುಖ ಮಾಡಿದ ಬಂ‍ಡೆಯಲ್ಲಿ ಡಡ್ಲಿಯಾ ಸಿಕ್ಕಿದರೆ ಅಲ್ಲೇ ಕೂತು ಕಾಯಿರಿ, ಓಡಾಡಬೇಡಿ. ಬಂಡೆ ಹತ್ತಬೇಡಿ, ಕಾಲಿಟ್ಟರೆ ಗಿಡ ಬೇರುಸಮೇತ ಕಿತ್ತು ಬರುತ್ತದೆ. ಉತ್ತರದ ಕಣಿವೆಗಳಲ್ಲಿ ಮೂರೆಲೆಯ ಪಾಯ್ಸನ್ ಓಕ್ ಇರುತ್ತದೆ, ತಾಗಿದರೆ ವಾರಗಟ್ಟಲೆ ತುರಿಕೆ. ಬೆಂಕಿಯಾದ ನಂತರ ಸ್ಯಾನ್ ಗೇಬ್ರಿಯಲ್ ಬೆಟ್ಟದ ದಾರಿಗಳನ್ನು ಆಗಾಗ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿ. ಮರುಭೂಮಿಯಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ. ಫೋನ್ ಸಿಗ್ನಲ್ ಸೆಂಟೆನಾಕ್‌ನಲ್ಲಿ ನಮಗೆ ಸಿಗಲಿಲ್ಲ, ಮ್ಯಾಪ್ ಜೂಲಿಯನ್‌ನಲ್ಲೇ ಇಳಿಸಿಕೊಳ್ಳಿ.